ರಾತ್ರಿ ಮೂರರ ಓದುಕೋಣೆ: ಬಾಗಿಲು ತೆರೆದಿದೆ, ಕಟ್ಟಡ ಮಲಗಿದೆ

‘ಕ್ಯಾಂಪಸ್ಸಿನಲ್ಲಿ 24 ಗಂಟೆಯೂ ತೆರೆದ ಓದುಕೋಣೆ ಇದೆ’ ಎಂದು ಮಾಹಿತಿ ಪುಸ್ತಿಕೆಯಲ್ಲಿ ಅಚ್ಚು ಹಾಕಿಸುವುದಕ್ಕೆ ಹೆಚ್ಚೇನೂ ಬೇಕಿಲ್ಲ. ಬೀಗ ಹಾಕದೆ ಬಿಟ್ಟು, ಬಾಗಿಲ ಬಳಿ ಒಬ್ಬ ಗಾರ್ಡ್‌ಗೆ ಕುರ್ಚಿ ಕೊಟ್ಟರೆ ಆ ಸಾಲು ಸುಳ್ಳಾಗುವುದಿಲ್ಲ. ಆದರೆ ಈ ಸೇವೆಯನ್ನು ಅಳೆಯಬೇಕಾದ ಹೊತ್ತು ರಾತ್ರಿ ಹತ್ತಲ್ಲ, ಮೂರು. ಹತ್ತಕ್ಕೆ ಬಹುತೇಕ ಎಲ್ಲ ಓದುಕೋಣೆಗಳೂ ಚೆನ್ನಾಗಿಯೇ ಇರುತ್ತವೆ. ಮೂರಕ್ಕೆ ಹೋಗಿ ನೋಡಿದರೆ ಗಾಳಿ ನಿಂತಿರುತ್ತದೆ, ಅರ್ಧ ದೀಪ ಆರಿರುತ್ತವೆ, ವೈಫೈ ಇದ್ದಕ್ಕಿದ್ದಂತೆ ಕೈಕೊಟ್ಟಿರುತ್ತದೆ, ಪ್ರಿಂಟರ್‌ನ ಕೆಂಪು ದೀಪ ಮಿಣುಕುತ್ತಿರುತ್ತದೆ. ಇವು ಯಾವುವೂ ಕೆಟ್ಟು ನಿಂತಿಲ್ಲ. ಎಲ್ಲವೂ ತಮಗೆ ಹೇಳಿಕೊಟ್ಟ ಹಾಗೆಯೇ ನಡೆದುಕೊಳ್ಳುತ್ತಿವೆ. ರಾತ್ರಿ ಈ ಕಟ್ಟಡದಲ್ಲಿ ಯಾರೂ ಇರುವುದಿಲ್ಲ ಎಂದುಕೊಂಡು ಯಾರೋ ಎಂದೋ ಹಾಕಿಟ್ಟ ಟೈಮರ್‌ಗಳಿಗೆ, ಒಳಗೆ ಐವತ್ತು ಜನ ಓದುತ್ತಿದ್ದಾರೆ ಎಂಬ ಸುದ್ದಿ ತಲುಪಿಲ್ಲ, ಅಷ್ಟೆ.

ಈ ಸೇವೆ ಸಾಮಾನ್ಯವಾಗಿ ಮೂರು ರೂಪದಲ್ಲಿ ಸಿಗುತ್ತದೆ. ಮೊದಲನೆಯದು ಇಡೀ ಲೈಬ್ರರಿಯನ್ನು ರಾತ್ರಿಯಿಡೀ ತೆರೆದಿಡುವುದು. ಪುಸ್ತಕದ ಕಪಾಟು ಕೈಗೆಟುಕುತ್ತದೆ ಎನ್ನುವುದೊಂದೇ ಇದರ ದೊಡ್ಡ ಲಾಭ. ನಾಲ್ಕು ಮಹಡಿಗಳಲ್ಲಿ ಅರವತ್ತು ಜನ ಚದುರಿ ಕೂತರೆ ಅಷ್ಟೂ ಮಹಡಿಗೆ ದೀಪ, ಗಾಳಿ, ಕಾವಲು ಬೇಕು. ಒಬ್ಬ ಗಾರ್ಡ್ ಮೂರನೇ ಮಹಡಿಯ ಮೂಲೆಯನ್ನು ಕಾಯುವುದು ಆಗದ ಮಾತು. ಹತ್ತರಲ್ಲಿ ಐದು ಅಂಕ. ಎರಡನೆಯದು ನೆಲಮಹಡಿಯಲ್ಲಿ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಶೌಚಾಲಯ, ಹೊರಗಾಳಿಯನ್ನೂ ತರುವ ಪ್ರತ್ಯೇಕ ಎಸಿ ಇರುವ ಹಾಲ್. ಲೈಬ್ರರಿಯ ಉಳಿದ ಭಾಗಕ್ಕೆ ಶಟರ್ ಬಿದ್ದರೂ ಇದು ನಡೆಯುತ್ತದೆ. ಎಂಟು ಅಂಕ. ಪ್ರತ್ಯೇಕ ಅನ್ನುವ ಆ ಮೂರರಲ್ಲಿ ಒಂದು ತಪ್ಪಿದರೂ ಎರಡೆರಡು ಅಂಕ ಕಳೆಯಬೇಕು. ಮೂರನೆಯದು ಖಾಲಿ ತರಗತಿಗಳನ್ನು ರಾತ್ರಿ ಬಿಟ್ಟುಕೊಡುವುದು. ಬೆಂಚು ಅಲುಗುವುದಿಲ್ಲ, ಕೋಣೆಗೆ ಎರಡೇ ಪ್ಲಗ್ ಪಾಯಿಂಟ್, ಕುರ್ಚಿ ಒಂದು ಗಂಟೆಯ ಪಾಠಕ್ಕೆ ಮಾಡಿದ್ದು. ಆದರೂ ಬೋರ್ಡ್ ಇದೆಯಲ್ಲ, ಗುಂಪಾಗಿ ಲೆಕ್ಕ ಬಿಡಿಸುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಒಂಟಿಯಾಗಿ ಓದುವವರಿಗೆ ನಾಲ್ಕು, ಗುಂಪಿಗೆ ಏಳು.

ಜಾಣತನದ ದಾರಿ ಇವುಗಳ ನಡುವೆ ಇದೆ: ಹನ್ನೆರಡರವರೆಗೆ ಇಡೀ ಲೈಬ್ರರಿ, ಆಮೇಲೆ ನೆಲಮಹಡಿ ಮಾತ್ರ. ಜನ ಸಾಮಾನ್ಯವಾಗಿ ನಡುರಾತ್ರಿಯ ಆಸುಪಾಸಿನಲ್ಲಿ ಹೆಚ್ಚಿದ್ದು ಎರಡರ ನಂತರ ಕರಗುತ್ತಾರೆ, ಹಾಗಾಗಿ ಕುಗ್ಗಿಸುವುದರಲ್ಲಿ ತಪ್ಪಿಲ್ಲ. ತಪ್ಪಾಗುವುದು ಕುಗ್ಗಿಸುವ ಬಗೆಯಲ್ಲಿ. ಹನ್ನೊಂದೂವರೆಗೇ ಹೇಳದೆ ಹನ್ನೆರಡಕ್ಕೆ ದೀಪ ಆರಿಸಿದರೆ, ಮೇಲಿನವರೆಲ್ಲ ಚಾರ್ಜರ್ ಸುತ್ತಿಕೊಂಡು ಒಟ್ಟಿಗೆ ಇಳಿಯುತ್ತಾರೆ. ಕೆಳಗೆ ಅಷ್ಟು ಜನಕ್ಕೆ ಕುರ್ಚಿ ಇದೆಯೇ ಎಂದು ಮೊದಲೇ ಎಣಿಸಿದವರು ಇರುವುದಿಲ್ಲ.

ಎಣಿಕೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಬಾಗಿಲ ಗೇಟಿನ ಕೌಂಟರ್ ತೋರಿಸುವುದು ಒಳಬಂದ ಸಲಗಳನ್ನು, ಕೂತವರನ್ನಲ್ಲ. ಮೂರು ಬಾರಿ ಕಾಫಿಗೆ ಎದ್ದು ಹೋದವರು ಅಲ್ಲಿ ನಾಲ್ಕು ಜನ. ಸೌಲಭ್ಯ ಮುಂದುವರಿಸಬೇಕೇ, ಹಿಗ್ಗಿಸಬೇಕೇ ಎಂದು ತೀರ್ಮಾನಿಸಲು ಬೇಕಾದದ್ದು ಗಂಟೆಗೊಮ್ಮೆ ಒಂದು ಸುತ್ತು ಹಾಕಿ ಬರೆದ ಲೆಕ್ಕ: ಕೂತವರೆಷ್ಟು, ಚೀಲ ಮಾತ್ರ ಕೂತಿರುವ ಕುರ್ಚಿ ಎಷ್ಟು, ಪ್ಲಗ್ ಇಲ್ಲದ ಕಾರಣಕ್ಕೆ ಖಾಲಿ ಬಿದ್ದ ಕುರ್ಚಿ ಎಷ್ಟು. ಎರಡು ವಾರ ಬರೆದರೆ ಸಾಕು, ಅದರಲ್ಲಿ ಒಂದು ಪರೀಕ್ಷೆಯಿಲ್ಲದ ವಾರವಾಗಿರಲಿ. ಪರೀಕ್ಷೆಯ ಎರಡು ವಾರ ಮಾತ್ರ ರಾತ್ರಿ ತೆರೆಯುವ ಪದ್ಧತಿಯ ಬಗ್ಗೆ ನಮಗೆ ಒಳ್ಳೆಯ ಅಭಿಪ್ರಾಯವಿಲ್ಲ. ಯಾವ ಸ್ವಿಚ್ ಯಾವುದಕ್ಕೆ ಎಂದು ಗಾರ್ಡ್‌ಗೆ ತಿಳಿಯುವ ಹೊತ್ತಿಗೆ ಪರೀಕ್ಷೆ ಮುಗಿದಿರುತ್ತದೆ.

ಈಗ ಗಾಳಿ. ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಡುವುದು ಇದೇ. 120 ಚದರ ಮೀಟರ್ ನೆಲ, 3 ಮೀಟರ್ ಎತ್ತರದ ಹಾಲ್ ಎಂದುಕೊಳ್ಳಿ. ಓಡಾಟದ ಜಾಗವೂ ಸೇರಿ ಒಬ್ಬರಿಗೆ 2.5 ಚದರ ಮೀಟರ್ ಕೊಟ್ಟರೆ 48 ಜನ ಕೂರಬಹುದು. ಸುಮ್ಮನೆ ಕೂತ ಒಬ್ಬ ವಯಸ್ಕರು ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾರೆ. 48 ಜನಕ್ಕೆ 864 ಲೀಟರ್. ಹಾಲ್‌ನಲ್ಲಿರುವ ಗಾಳಿ 360 ಘನ ಮೀಟರ್. ಹೊರಗಿನ ಗಾಳಿ ಬರುವುದು ಪೂರ್ತಿ ನಿಂತರೆ ಅದು ಗಂಟೆಗೆ 2400 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇಷ್ಟು ಭಾಗ) ಏರುತ್ತದೆ. ಹೊರಗೆ ಇರುವುದು 420ರ ಆಸುಪಾಸು, ಒಳಗೆ 1000 ದಾಟಬಾರದು ಎನ್ನುವುದು ಸಾಮಾನ್ಯವಾಗಿ ಹೇಳುವ ಮಿತಿ. ಬಾಗಿಲು ಕಿಟಕಿಗಳ ಸಂದಿಯಿಂದ ನುಸುಳುವ ಗಾಳಿಯನ್ನು ಸೇರಿಸಿಕೊಂಡರೂ ಹನ್ನೆರಡಕ್ಕೆ ಹೊರಗಾಳಿ ತರುವ ಫ್ಯಾನ್ ನಿಂತ ಹಾಲ್ ಒಂದು ಗಂಟೆಯೊಳಗೆ ಆ ಮಿತಿ ಮೀರಿರುತ್ತದೆ. ಆಮೇಲೆ ಬರುವ ತಲೆಭಾರ, ಆಕಳಿಕೆಗಳನ್ನು ಎಲ್ಲರೂ ನಿದ್ದೆಯ ಲೆಕ್ಕಕ್ಕೆ ಬರೆಯುತ್ತಾರೆ.

ಗೋಡೆಗೆ ಹಾಕಿದ ಸ್ಪ್ಲಿಟ್ ಎಸಿ ಇದ್ದರೆ ಸಾಕಲ್ಲ ಎನ್ನುವವರಿದ್ದಾರೆ. ಸಾಲದು. ಅದು ಒಳಗಿನ ಗಾಳಿಯನ್ನೇ ಎಳೆದು ತಣ್ಣಗೆ ಮಾಡಿ ಒಳಗೇ ಬಿಡುತ್ತದೆ; ತಂಪಿರುವುದರಿಂದ ಕೆಟ್ಟ ಗಾಳಿ ಗೊತ್ತೇ ಆಗುವುದಿಲ್ಲ. ಬೇಕಾದದ್ದು ಒಬ್ಬರಿಗೆ ಸೆಕೆಂಡಿಗೆ 8ರಿಂದ 10 ಲೀಟರ್ ಹೊರಗಾಳಿ. ಸೆಕೆಂಡಿಗೆ 10 ಲೀಟರ್ ಕೊಟ್ಟರೆ ಒಳಗಿನ ಮಟ್ಟ 900ರ ಹತ್ತಿರ ನಿಲ್ಲುತ್ತದೆ, 5 ಕೊಟ್ಟರೆ 1400 ದಾಟುತ್ತದೆ. ಕಟ್ಟಡ ನಿರ್ವಹಣೆಯವರಿಗೆ ಹೇಳಬೇಕಾದ ಕೆಲಸ ಚಿಕ್ಕದು: ಆ ಹಾಲ್‌ನ ಗಾಳಿಯ ಯಂತ್ರವನ್ನು ಉಳಿದ ಕಟ್ಟಡದ ವೇಳಾಪಟ್ಟಿಯಿಂದ ಬಿಡಿಸಿ ಬೇರೆ ವೇಳೆ ಹಾಕಿ. ಒಂದೇ ಯಂತ್ರ ಮೂರು ಮಹಡಿಗೆ ಗಾಳಿ ಕೊಡುವ ಹಾಗಿದ್ದರೆ ಇದು ಆಗುವುದಿಲ್ಲ, ಖರ್ಚು ನೋಡಿ ಯಾರೂ ಒಪ್ಪುವುದೂ ಇಲ್ಲ. ಹೊರಗಾಳಿಯನ್ನೂ ತರುವ ಪ್ರತ್ಯೇಕ ಎಸಿ ಇರುವ ಹಾಲ್‌ಗೆ ಎಂಟು ಅಂಕ ಕೊಟ್ಟದ್ದು ಇದಕ್ಕೇ. ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಂಗಾಲದ ಡೈಆಕ್ಸೈಡ್ ಅಳೆಯುವ ಒಂದು ಸಿಒ2 ಮೀಟರ್ ತೂಗುಹಾಕಿದರೆ ವಾದ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಆದರೆ ಅದನ್ನು ಬಾಗಿಲ ಪಕ್ಕ ಹಾಕಬೇಡಿ. ಬಾಗಿಲು ತೆಗೆದಾಗಲೆಲ್ಲ ಅಂಕಿ ಇಳಿದು ಸುಳ್ಳು ಸಮಾಧಾನ ಕೊಡುತ್ತದೆ.

ಗಾಳಿಯ ಜತೆಗೇ ಇನ್ನೊಂದು ನಷ್ಟ ಆಗುತ್ತದೆ, ಅದನ್ನು ಗಮನಿಸುವವರು ಕಡಿಮೆ. ಫ್ಯಾನಿನ ಸಣ್ಣ ಗುಂಯ್‌ಗುಡುವಿಕೆ ಹಗಲೆಲ್ಲ ಪಿಸುಮಾತುಗಳನ್ನು ಮುಚ್ಚಿಟ್ಟಿರುತ್ತದೆ. ಅದು ನಿಂತ ಕ್ಷಣ ಪೆನ್ನಿನ ಕ್ಲಿಕ್ಕು, ಜಿಪ್ಪು, ಇಯರ್‌ಫೋನಿನಿಂದ ಸೋರುವ ಚಿಟಿಚಿಟಿ ಎಲ್ಲವೂ ಎದ್ದು ಕೇಳುತ್ತವೆ. ಹಗಲು ಯಾರಿಗೂ ಅಡ್ಡಿಯಾಗದ ಮಾತಿಗೆ ರಾತ್ರಿ ಜಗಳವಾಗುವುದಕ್ಕೆ ಜನರ ಸಿಡುಕಷ್ಟೇ ಕಾರಣವಲ್ಲ. ತಿಂಡಿ ಪಾನೀಯದ ಯಂತ್ರವನ್ನು ಓದುವ ಹಾಲ್‌ನೊಳಗೆ ಇಟ್ಟರಂತೂ ಅದರ ಕಂಪ್ರೆಸರ್ ಆಗಾಗ ಗುಡುಗಿ ನಿಲ್ಲುತ್ತದೆ. ಒಂದೇ ಸಮ ಇರುವ ಸದ್ದಿಗಿಂತ ಬಂದು ಹೋಗುವ ಸದ್ದು ಹೆಚ್ಚು ಕಾಡುತ್ತದೆ. ಅದರ ಜಾಗ ಹೊರಗಿನ ಪಡಸಾಲೆ. ಗುಂಪು ಚರ್ಚೆಗೆಂದು ಗಾಜಿನ ಗೋಡೆಯ ಕೋಣೆ ಕಟ್ಟಿದ್ದರೆ ಮೊದಲು ಬಾಗಿಲ ಬುಡ ನೋಡಿ. ಅಲ್ಲಿ ಬೆರಳಗಲದ ಸಂದಿ ಇದ್ದರೆ ಗಾಜು ಎಷ್ಟು ದಪ್ಪವಿದ್ದರೂ ಮಾತೆಲ್ಲ ಕೆಳಗಿನಿಂದ ಹೊರಗೆ ಹರಿಯುತ್ತದೆ. ಬ್ರಷ್ ಅಥವಾ ರಬ್ಬರ್ ಪಟ್ಟಿ ಅಂಟಿಸುವುದು ಅರ್ಧ ಗಂಟೆಯ ಕೆಲಸ.

ದೀಪದ ವಿಷಯದಲ್ಲಿ ತಪ್ಪು ಸೆನ್ಸರ್‌ನದು. ಜನರ ಚಲನೆ ಕಂಡಾಗ ಹೊತ್ತಿಕೊಳ್ಳುವ ಸಾಮಾನ್ಯ ಪಿಐಆರ್ ಸೆನ್ಸರ್ ನೋಡುವುದು ಮೈಯ ಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದನ್ನು. ಕಾರಿಡಾರಿಗೆ ಅದು ಸರಿ. ಪುಸ್ತಕದ ಮೇಲೆ ಬಗ್ಗಿ ಕೂತು ಬೆರಳು ಮಾತ್ರ ಆಡಿಸುವವರು ಅದರ ಪಾಲಿಗೆ ಇಲ್ಲದವರು. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಕತ್ತಲಾಗುವುದು, ಯಾರೋ ಎದ್ದು ಕೈಬೀಸುವುದು! ಹಾಲ್ ತುಂಬಿದಾಗ ಯಾರಾದರೊಬ್ಬರು ಓಡಾಡುತ್ತಿರುವುದರಿಂದ ಇದು ತಿಳಿಯುವುದಿಲ್ಲ. ಐದಾರು ಜನ ಉಳಿದ ಹೊತ್ತಿನಲ್ಲಿ ಮಾತ್ರ ಗೊತ್ತಾಗುತ್ತದೆ. ಓದುವ ಜಾಗದಲ್ಲಿ ಸೆನ್ಸರ್ ತೆಗೆದು ಮಾಮೂಲಿ ಸ್ವಿಚ್ ಹಾಕುವುದೇ ಒಳ್ಳೆಯದು. ಅದು ಆಗದಿದ್ದರೆ ಕಿವಿಗೆ ಕೇಳದ ಸದ್ದಿನಿಂದ ಸಣ್ಣ ಚಲನೆಯನ್ನೂ ಹಿಡಿಯುವ ಅಲ್ಟ್ರಾಸಾನಿಕ್ ಕೂಡ ಸೇರಿದ ಜೋಡಿ ಸೆನ್ಸರ್ ಹಾಕಿ, ಆರುವ ಅವಧಿಯನ್ನು ಅದು ಒಪ್ಪುವ ಗರಿಷ್ಠಕ್ಕೆ ಇಡಿ.

ಬೆಳಕಿನ ಪ್ರಮಾಣಕ್ಕೆ ಯುರೋಪಿನ ಇಎನ್ 12464-1 ಮಾನಕ ಓದುವ ಜಾಗಕ್ಕೆ 500 ಲಕ್ಸ್, ಪುಸ್ತಕದ ಕಪಾಟಿಗೆ 200 ಲಕ್ಸ್ ಎನ್ನುತ್ತದೆ. ಇದನ್ನು ಅಳೆಯಬೇಕಾದದ್ದು ಮೇಜಿನ ಮೇಲೆ, ಕೂತವರ ನೆರಳು ಬಿದ್ದಾಗ. ಇಡೀ ಚಾವಣಿಯಿಂದ 500 ಸುರಿಸುವುದಕ್ಕಿಂತ ಚಾವಣಿಯಿಂದ 200–300 ಕೊಟ್ಟು, ಉಳಿದದ್ದಕ್ಕೆ ಮೇಜಿಗೊಂದು ದೀಪ ಕೊಡುವುದು ನಮಗೆ ಹೆಚ್ಚು ಇಷ್ಟ. ಪರದೆ ನೋಡುವವರು ಆರಿಸಿಕೊಳ್ಳುತ್ತಾರೆ, ಕಾಗದ ಓದುವವರು ಹೊತ್ತಿಸಿಕೊಳ್ಳುತ್ತಾರೆ. ಮೇಜಿನ ದೀಪ 3000 ಕೆಲ್ವಿನ್ ಸುತ್ತಲಿನ ಹಳದಿ ಛಾಯೆಯದಾಗಿರಲಿ; ನೀಲಿ ಹೆಚ್ಚಿರುವ ಬಿಳಿ ಬೆಳಕು ರಾತ್ರಿ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಹಾರ್ಮೋನಿನ ಸ್ರವಿಕೆಯನ್ನು ಹೆಚ್ಚು ತಡೆಯುತ್ತದೆ. ‘ಅದೇ ಬೇಕು, ಎಚ್ಚರವಾಗಿರಬೇಕಲ್ಲ’ ಎನ್ನುವವರಿಗೆ ಉತ್ತರ: ನಾಲ್ಕಕ್ಕೆ ಎದ್ದು ಹೋಗಿ ಮಲಗಬೇಕಾದವರೂ ಅದೇ ಮೇಜಿನಲ್ಲಿದ್ದಾರೆ.

ವಿದ್ಯುತ್ತಿನ ಲೆಕ್ಕದಲ್ಲಿ ಎಲ್ಲರೂ ತಪ್ಪು ಕಡೆ ನೋಡುತ್ತಾರೆ. 48 ಲ್ಯಾಪ್‌ಟಾಪ್, ತಲಾ 65 ವ್ಯಾಟ್ ಎಂದರೆ 3120 ವ್ಯಾಟ್. 230 ವೋಲ್ಟ್ ಇರುವ ಕಡೆ 16 ಆಂಪಿಯರಿನ ಒಂದೇ ಲೈನ್ ಕೂಡ 3680 ವ್ಯಾಟ್ ತಡೆಯುತ್ತದೆ. ಯಾರಾದರೂ 2000 ವ್ಯಾಟಿನ ಕೆಟಲ್ ಹಚ್ಚದಿದ್ದರೆ ಲೋಡ್ ಜಾಸ್ತಿಯಾಗಿ ಟ್ರಿಪ್ ಆಗುವುದಿಲ್ಲ. ಟ್ರಿಪ್ ಆಗುವುದು ಸೋರಿಕೆಯಿಂದ. ಅರ್ತ್ ಪಿನ್ ಇರುವ ಚಾರ್ಜರ್ ಚೆನ್ನಾಗಿದ್ದಾಗಲೂ ಅರ್ಧದಿಂದ ಒಂದು ಮಿಲಿಆಂಪಿಯರ್‌ವರೆಗೆ ಅರ್ತ್‌ಗೆ ಬಿಡಬಹುದು. ಶಾಕ್ ತಡೆಯಲು, ಸೋರಿಕೆ ಕಂಡೊಡನೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಸ್ವಿಚ್ (ಆರ್‌ಸಿಸಿಬಿ) 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಇಪ್ಪತ್ತೈದು ಮೂವತ್ತು ಚಾರ್ಜರ್ ಒಂದೇ ಆರ್‌ಸಿಸಿಬಿ ಮೇಲಿದ್ದರೆ ಯಾವುದೂ ಕೆಡದೆಯೇ ಅರ್ಧ ಹಾಲ್‌ಗೆ ಕರೆಂಟು ಹೋಗಬಹುದು. ಎಲೆಕ್ಟ್ರಿಷಿಯನ್ ಬೆಳಿಗ್ಗೆ ಬಂದು ನೋಡುವಾಗ ಪ್ಲಗ್‌ಗಳು ಖಾಲಿ, ದೋಷ ಸಿಗುವುದಿಲ್ಲ. ಎಂಟು ಹತ್ತು ಸೀಟಿಗೊಂದು ಆರ್‌ಸಿಸಿಬಿಯಂತೆ ಹಂಚುವುದೇ ಪರಿಹಾರ. ಅಷ್ಟೇ ಮುಖ್ಯವಾದದ್ದು, ಯಾವ ಸ್ವಿಚ್ ಯಾವ ಸಾಲಿನದು ಎಂದು ಬರೆದ ಪೆಟ್ಟಿಗೆಯ ಕೀಲಿ ರಾತ್ರಿ ಪಾಳಿಯವರ ಬಳಿ ಇರಬೇಕು. ಒಮ್ಮೆ ಎತ್ತಿ ನೋಡುವುದು, ಮತ್ತೆ ಬಿದ್ದರೆ ಆ ಸಾಲಿನ ಚಾರ್ಜರ್‌ಗಳನ್ನೆಲ್ಲ ಕೀಳಿಸಿ ಎತ್ತಿ, ಒಂದೊಂದಾಗಿ ಹಾಕಿಸಿ ನೋಡುವುದು. ಆಗಲೂ ನಿಲ್ಲದಿದ್ದರೆ ಆ ಸಾಲು ಬಿಟ್ಟು ಬೇರೆ ಸಾಲಿಗೆ ಹೋಗುವುದು.

ಮೇಜಿನಲ್ಲೇ ಯುಎಸ್‌ಬಿ ಕಿಂಡಿ ಇರುವ ಪೀಠೋಪಕರಣ ನೋಡಿ ಮರುಳಾಗಬೇಡಿ. ಹಳೆಯ ಆಯತಾಕಾರದ ಬಾಯಿಯ ಕಿಂಡಿಗಳು ಫೋನಿಗೆ ನಿಧಾನ, ಲ್ಯಾಪ್‌ಟಾಪಿಗೆ ನಿರುಪಯೋಗಿ, ಬೇಗ ಸಡಿಲವಾಗುತ್ತವೆ. ಸೀಟಿಗೊಂದು ಮಾಮೂಲಿ ಸಾಕೆಟ್, ಅದೂ ಮೇಜಿನ ಮೇಲ್ಮಟ್ಟದಲ್ಲಿ, ಸಾಕು. ನೆಲದ ಸಾಕೆಟ್ಟಿಗೆ ಒರೆಸುವ ನೀರು ಇಳಿಯುತ್ತದೆ, ವೈರ್ ಕಾಲಿಗೆ ತೊಡರುತ್ತದೆ.

ವೈಫೈ ದೂರುಗಳಲ್ಲಿ ‘ಸಿಗ್ನಲ್ ಇದೆ, ನೆಟ್ ಇಲ್ಲ’ ಎನ್ನುವುದು ಮಾಮೂಲು. ಬಹಳ ಸಲ ಇದು ನೆಟ್‌ವರ್ಕ್ ಒಂದೊಂದು ಸಾಧನಕ್ಕೆ ಕೊಡುವ ವಿಳಾಸ (ಐಪಿ) ಮುಗಿದು ಹೋದದ್ದರ ಲಕ್ಷಣ. ಸಾಮಾನ್ಯವಾಗಿ ಬಳಸುವ ಚಿಕ್ಕ ನೆಟ್‌ವರ್ಕ್ ಗುಂಪಿನಲ್ಲಿ 254 ವಿಳಾಸಗಳಷ್ಟೇ ಇರುತ್ತವೆ. ಒಬ್ಬೊಬ್ಬರ ಬಳಿ ಎರಡು ಮೂರು ಸಾಧನ. ಒಮ್ಮೆ ಕೊಟ್ಟ ವಿಳಾಸವನ್ನು 24 ಗಂಟೆ ಹಿಡಿದಿಡುವ ಹಾಗೆ ಹೊಂದಿಸಿದ್ದರೆ, ಹಗಲು ಬಾಗಿಲ ಮುಂದೆ ಹಾದುಹೋದ ಫೋನುಗಳೂ ವಿಳಾಸ ಹಿಡಿದುಕೊಂಡು ಮನೆಗೆ ಹೋಗಿರುತ್ತವೆ. ರಾತ್ರಿ ಬಂದವರಿಗೆ ಉಳಿಯುವುದಿಲ್ಲ. ಅವಧಿಯನ್ನು ಒಂದೆರಡು ಗಂಟೆಗೆ ಇಳಿಸಿದರೆ ಅಥವಾ ಗುಂಪನ್ನು ದೊಡ್ಡದು ಮಾಡಿದರೆ ಮುಗಿಯಿತು. ಇನ್ನೊಂದು, ನೆಟ್‌ವರ್ಕ್ ವಿಭಾಗದವರು ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಆರಿಸಿಕೊಳ್ಳುವ ಹೊತ್ತೇ ರಾತ್ರಿ ಎರಡರಿಂದ ನಾಲ್ಕು, ಯಾಕೆಂದರೆ ಆಗ ಯಾರೂ ಇರುವುದಿಲ್ಲ! ಓದುಕೋಣೆಯ ವೇಳಾಪಟ್ಟಿ ಅವರ ಕೈಗೆ ಹೋಗಿರಬೇಕು. ಪರೀಕ್ಷೆಯ ಹಿಂದಿನ ದಿನಗಳಲ್ಲಿ, ಆನ್‌ಲೈನಿನಲ್ಲಿ ಅಸೈನ್‌ಮೆಂಟ್ ಸಲ್ಲಿಸುವ ರಾತ್ರಿಗಳಲ್ಲಿ ಅಪ್‌ಡೇಟ್ ಮುಟ್ಟಲೇಬಾರದು.

ಬಾಗಿಲ ಕಾರ್ಡಿನದೂ ಇದೇ ಕಥೆ. ಬೀಗದ ನಿಯಂತ್ರಕದೊಳಗೆ ರಜಾ ದಿನಗಳ ಪಟ್ಟಿ ಇರುತ್ತದೆ. ಅಂದು ಬಾಗಿಲು ರಜೆಯ ವೇಳೆಗೆ ಹೋಗಿಬಿಡುತ್ತದೆ. ಪರೀಕ್ಷೆಯ ಮುಂಚಿನ ರಜೆಯ ರಾತ್ರಿಯೇ ಕಾರ್ಡ್ ಒಪ್ಪದೆ ಜನ ಹೊರಗೆ ನಿಲ್ಲುವುದು ಹೀಗೆ. ಹೊಸ ಕಾರ್ಡ್ ಪಡೆದವರ ಹೆಸರು ದಿನಕ್ಕೊಮ್ಮೆ ಮಾತ್ರ ಬೀಗದ ಪಟ್ಟಿಗೆ ಇಳಿಯುವ ಏರ್ಪಾಡಿದ್ದರೆ ಆ ದಿನ ಅವರೂ ಹೊರಗೆ. ಗಾರ್ಡ್ ಗುರುತು ನೋಡಿ ಒಳಬಿಟ್ಟು ಪುಸ್ತಕದಲ್ಲಿ ಬರೆದುಕೊಳ್ಳುವ ಅಧಿಕಾರ ಲಿಖಿತವಾಗಿ ಇರಬೇಕು.

ಒಳಬರುವುದಕ್ಕೆ ಒಂದೇ ಬಾಗಿಲು ಸಾಕು. ಹೊರಹೋಗುವುದಕ್ಕೆ ಎರಡಾದರೂ ಬೇಕು, ಅದರಲ್ಲಿ ರಾಜಿ ಇಲ್ಲ. ರಾತ್ರಿ ‘ಭದ್ರತೆ’ಯ ಹೆಸರಿನಲ್ಲಿ ತುರ್ತು ಬಾಗಿಲಿಗೆ ಸರಪಳಿ ಸುತ್ತಿದ ಓದುಕೋಣೆಗೆ ನಮ್ಮ ಅಂಕ ಸೊನ್ನೆ, ಉಳಿದದ್ದೆಲ್ಲ ಚಿನ್ನವಾಗಿದ್ದರೂ ಸರಿ. ತಳ್ಳಿದರೆ ತೆರೆಯುವ, ತೆರೆದರೆ ಕೂಗುವ ಅಡ್ಡಪಟ್ಟಿಯ ಬಾಗಿಲು ಹಾಕಿದರೆ ಕಳ್ಳದಾರಿಯೂ ಆಗುವುದಿಲ್ಲ, ಬಲೆಯೂ ಆಗುವುದಿಲ್ಲ. ಅಯಸ್ಕಾಂತ ಬೀಗಗಳು ಬೆಂಕಿಯ ಅಲಾರಂ ಹೊಡೆದಾಗ, ಕರೆಂಟು ಹೋದಾಗ ತಾವೇ ಬಿಟ್ಟುಕೊಳ್ಳಬೇಕು. ಒಳಗಿನಿಂದ ಹೊರಬರಲು ಯಾವಾಗಲೂ ಕಾರ್ಡ್ ಕೇಳಬಾರದು.

ಸೀಟು ಹಿಡಿದಿಡುವ ಜಗಳಕ್ಕೆ ಆಪ್‌ನಲ್ಲಿ ಬುಕಿಂಗ್ ಎನ್ನುವುದು ಈಗಿನ ಮದ್ದು. ಬುಕ್ ಮಾಡಿ ಬಾರದವರ ಸೀಟು 15 ನಿಮಿಷದಲ್ಲಿ ತಾನೇ ಖಾಲಿಯಾಗುವಂತಿದ್ದರೆ ಮಾತ್ರ ಅದು ಮದ್ದು, ಇಲ್ಲದಿದ್ದರೆ ಚೀಲದ ಬದಲು ಆಪ್ ಕುರ್ಚಿ ಹಿಡಿಯುತ್ತದೆ. ಚಿಕ್ಕ ಹಾಲ್‌ಗೆ ಕಾಗದದ ಚೀಟಿಯೇ ಸಾಕು: ಖಾಲಿ ಕುರ್ಚಿಯ ಮುಂದೆ ಸಮಯ ಬರೆದ ಚೀಟಿ ಇಟ್ಟು, 45 ನಿಮಿಷವಾದರೂ ಬಾರದಿದ್ದರೆ ಸಾಮಾನನ್ನು ಬಾಗಿಲ ಬಳಿಯ ಕಪಾಟಿಗೆ ಇಡುವುದು. ಮೇಜು ಒಬ್ಬರಿಗೆ 90 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಆಳಕ್ಕಿಂತ ಕಡಿಮೆಯಾದರೆ ಲ್ಯಾಪ್‌ಟಾಪ್ ಪಕ್ಕ ಪುಸ್ತಕ ಹಿಡಿಸದೆ ಜನ ಪಕ್ಕದ ಸೀಟಿಗೂ ಚಾಚಿಕೊಳ್ಳುತ್ತಾರೆ. ಎಣಿಕೆಯಲ್ಲಿ 48 ಇದ್ದದ್ದು ಬಳಕೆಯಲ್ಲಿ 30 ಆಗುತ್ತದೆ.

ನಿದ್ದೆ ಮಾಡುವವರನ್ನು ಎಬ್ಬಿಸಿ ಕಳಿಸುವ ನಿಯಮ ಬೇಡ. ಪಡಸಾಲೆಯಲ್ಲಿ ಎರಡು ಉದ್ದ ಸೋಫಾ ಇಟ್ಟು, 20 ನಿಮಿಷಕ್ಕೆ ಅಲಾರಂ ಇಟ್ಟುಕೊಳ್ಳಿ ಎಂದು ಬರೆದರೆ ಓದುವ ಕುರ್ಚಿ ಖಾಲಿಯಾಗುತ್ತದೆ. ಅದಕ್ಕಿಂತ ಬಹಳ ಹೆಚ್ಚು ಮಲಗಿದರೆ ಗಾಢ ನಿದ್ದೆಗೆ ಜಾರಿ ಎದ್ದ ಮೇಲೆ ಮಂಕು ಹಿಡಿಯುತ್ತದೆ. ಕಾಫಿ ಯಂತ್ರದ ಬಗ್ಗೆ ಹೇಳುವುದಾದರೆ, ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು; ಎರಡಕ್ಕೆ ಕುಡಿದದ್ದು ಏಳಕ್ಕೂ ಅರ್ಧ ಮೈಯಲ್ಲಿರುತ್ತದೆ. ಕುಡಿಯುವ ನೀರು ಮಾತ್ರ ಕೂಗಳತೆಯಲ್ಲಿರಲಿ. ಬೆಳಗಿನ ಜಾವ ನಾಲ್ಕೈದರ ಹೊತ್ತಿಗೆ ದೇಹದ ಉಷ್ಣತೆ ಅತ್ಯಂತ ಕೆಳಗಿಳಿಯುವುದರಿಂದ ಹತ್ತು ಗಂಟೆಗೆ ಹಿತವಾಗಿದ್ದ ಎಸಿ ಆಗ ನಡುಗಿಸುತ್ತದೆ. ಎರಡರ ನಂತರ ಒಂದೆರಡು ಡಿಗ್ರಿ ಏರಿಸುವಂತೆ ಹೊಂದಿಸಿಟ್ಟರೆ ಕರೆಂಟೂ ಉಳಿಯುತ್ತದೆ.

ಶೌಚಾಲಯ ತೊಳೆಯುವುದು, ನೆಲಕ್ಕೆ ವ್ಯಾಕ್ಯೂಮ್ ಹಾಕುವುದು ಖಾಲಿ ಕಟ್ಟಡದ ಲೆಕ್ಕದಲ್ಲಿ ನಾಲ್ಕಕ್ಕೆ ನಿಗದಿಯಾಗಿರುತ್ತದೆ. ಹಾಲ್‌ನ ಅರ್ಧವನ್ನು ಒಂದು ದಿನ, ಇನ್ನರ್ಧವನ್ನು ಮರುದಿನ, ಅದೂ ಏಳರ ನಂತರ ಮಾಡಿಸಬೇಕು. ಪ್ರಿಂಟರ್ ಎರಡಿರಲಿ, ಒಂದು ಕಾಗದ ಸಿಕ್ಕಿಸಿಕೊಂಡು ನಿಂತರೂ ಇನ್ನೊಂದು ನಡೆಯುತ್ತದೆ. ಕಾಗದ, ಟೋನರ್ ಕಪಾಟಿನ ಕೀಲಿ ಹಗಲು ಪಾಳಿಯವರ ಜೇಬಿನಲ್ಲಿ ಮನೆಗೆ ಹೋಗಬಾರದು.

ಹಾಲ್ 24 ಗಂಟೆ ತೆರೆದಿದ್ದು, ಕ್ಯಾಂಪಸ್ ಬಸ್ಸು ಹನ್ನೆರಡಕ್ಕೇ ನಿಂತರೆ ದೂರ ಇರುವವರ ಪಾಲಿಗೆ ಓದುಕೋಣೆ ಮುಚ್ಚುವುದು ಹನ್ನೆರಡಕ್ಕೆ. ಅದರಲ್ಲೂ ವಿದ್ಯಾರ್ಥಿನಿಯರ ಸಂಖ್ಯೆ ಹನ್ನೊಂದಕ್ಕೆ ಎಷ್ಟಿದೆ, ಒಂದಕ್ಕೆ ಎಷ್ಟಿದೆ ಎಂದು ಎಣಿಸಿ ನೋಡಿ. ದಾರಿ ಹೇಗಿದೆ ಎಂದು ಬೇರೆ ಯಾವ ಸಮೀಕ್ಷೆಯೂ ಬೇಕಿಲ್ಲ. ಗಂಟೆಗೊಂದು ವ್ಯಾನ್, ನಿಗದಿತ ನಿಮಿಷಕ್ಕೆ, ಬಾಗಿಲ ಮುಂದಿನಿಂದಲೇ. ವ್ಯಾನ್ ಆಗದಿದ್ದರೆ ಕರೆದರೆ ಜತೆಗೆ ನಡೆದುಬರುವ ಸಿಬ್ಬಂದಿ. ಹಾಲ್ ಕಾಯುವ ಒಬ್ಬನೇ ಗಾರ್ಡ್ ಈ ಕೆಲಸಕ್ಕೆ ಎದ್ದು ಹೋಗುವ ಹಾಗಿಲ್ಲ, ಹಾಗಾಗಿ ರಾತ್ರಿ ಪಾಳಿಗೆ ಕನಿಷ್ಠ ಇಬ್ಬರು ಎನ್ನುವುದು ಐಷಾರಾಮವಲ್ಲ. ಒಬ್ಬರು ಗಾರ್ಡ್, ಇನ್ನೊಬ್ಬರು ಸಂಬಳ ಪಡೆಯುವ ಹಿರಿಯ ವಿದ್ಯಾರ್ಥಿ ಆದರೆ ಒಳ್ಳೆಯ ಜೋಡಿ; ಸದ್ದು ಮಾಡಬೇಡಿ ಎಂದು ಸಮವಸ್ತ್ರ ಹೇಳುವುದಕ್ಕೂ ಓರಗೆಯವರು ಹೇಳುವುದಕ್ಕೂ ವ್ಯತ್ಯಾಸವಿದೆ.

ಇಷ್ಟೆಲ್ಲ ದೋಷಗಳು ವರ್ಷಗಟ್ಟಲೆ ಹಾಗೇ ಉಳಿಯುವುದಕ್ಕೆ ಕಾರಣ, ಬೆಳಿಗ್ಗೆ ಒಂಬತ್ತಕ್ಕೆ ಅಧಿಕಾರಿಗಳು ಬರುವ ಹೊತ್ತಿಗೆ ಸಾಕ್ಷ್ಯವೇ ಇರುವುದಿಲ್ಲ. ಫ್ಯಾನ್ ಏಳಕ್ಕೆ ತಾನೇ ಶುರುವಾಗಿರುತ್ತದೆ, ದೀಪಗಳು ಹೊತ್ತಿರುತ್ತವೆ, ನೆಟ್ ಓಡುತ್ತಿರುತ್ತದೆ, ದೂರು ಕೊಟ್ಟವರು ಮಲಗಿರುತ್ತಾರೆ. ಆದ್ದರಿಂದ ಬಾಗಿಲ ಬಳಿ ದಾರ ಕಟ್ಟಿದ ಪೆನ್ನಿನ ಜತೆ ಒಂದು ರಿಜಿಸ್ಟರ್ ಇಡಿ. ಅಂಕಣಗಳು ಐದೇ: ಗಂಟೆ ನಿಮಿಷ, ಯಾವ ಸಾಲಿನ ಮೇಜು, ಏನು ನಿಂತಿತು, ಆಗ ಒಳಗೆ ಎಷ್ಟು ಜನ, ಮತ್ತೆ ಯಾವಾಗ ಸರಿಹೋಯಿತು. ಮೊದಲ ಅಂಕಣದಲ್ಲಿ ವಾರವಿಡೀ 12:00, 12:00, 12:00 ಎಂದೇ ಕಂಡರೆ ಮೆಕ್ಯಾನಿಕ್ ಕರೆಸುವ ಅಗತ್ಯವಿಲ್ಲ, ಟೈಮರ್ ಹಾಕಿದವರನ್ನು ಕರೆಸಿ.